ಕಾವಲುಗಾರ ಪಾಪಯ್ಯನ ಸರದಿ

ಮಾನ್ವಿ, ರಾಯಚೂರು ಜಿಲ್ಲೆ
೮ ಜೂನ್ ೨೦೨೫

ಬೈರೇಶ,

ಮುಗಿಯಿತು ಕಣೋ, ನಮ್ಮ ‘ಪಾಳೆಯ’ದ ಹೊಸ ನಿಯಮ ಪುಸ್ತಕ. ಕಾಲೇಜಿನ ದಿನಗಳಲ್ಲಿ ದೊಡ್ಡಬಳ್ಳಾಪುರದ ಸಿಂಚನಳ ಮನೆಯ ಮಗ್ಗದ ಶೆಡ್ಡಿನಲ್ಲಿ ಕೂತು ನಾವು ನಾಲ್ವರು ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡ ಆಟ ಈಗ ಅರವತ್ತನಾಲ್ಕು ಪುಟವಾಗಿದೆ. ಮುನ್ನೂರು ಪ್ರತಿ ಅಚ್ಚು ಹಾಕಿಸಿ ದಸರಾ ರಜೆಯಲ್ಲಿ ದೊಡ್ಡಬಳ್ಳಾಪುರದಲ್ಲೇ ಬಿಡುಗಡೆ ಮಾಡೋಣ ಎಂದು ತೀರ್ಮಾನಿಸಿಬಿಟ್ಟಿದ್ದೇನೆ. ಊರಿಗೂ ಬರದೆ ಬೇಸಿಗೆ ರಜೆಯನ್ನೆಲ್ಲ ಇದಕ್ಕೇ ಸುರಿದಿದ್ದೇನೆ. ಟೀಚರ್ ಕೆಲಸಕ್ಕೆಂದು ಇಲ್ಲಿಗೆ ಬಂದು ಮೂರು ವರ್ಷವಾದರೂ ಈ ಮಾನ್ವಿಯ ಬಿಸಿಲು ಮಾತ್ರ ನನಗೆ ಒಗ್ಗಲಿಲ್ಲ.

ಮುನ್ನುಡಿ ಹೀಗೆ ಶುರುವಾಗುತ್ತದೆ. ಹೊಸಬರಿಗೆ ಅರ್ಥವಾಗುತ್ತದಾ ನೋಡು: “ಇದು ಬೋರ್ಡು ಇಲ್ಲದ ಆಟ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತೀರಿ. ಒಬ್ಬರು ಸೂತ್ರಧಾರರು. ಕೋಟೆ, ಕಾಡು, ಶತ್ರು ಎಲ್ಲವನ್ನೂ ಅವರು ಬಾಯಲ್ಲೇ ಕಟ್ಟುತ್ತಾರೆ. ಉಳಿದವರದು ಒಂದೊಂದು ಪಾತ್ರ. ನಿಮ್ಮ ಪಾತ್ರ ಏನು ಮಾಡುತ್ತದೆ ಎಂದು ನೀವು ಹೇಳುತ್ತೀರಿ. ಅದು ನಡೆಯಿತೋ ಇಲ್ಲವೋ ಎಂದು ಐದು ಕವಡೆಗಳು ಹೇಳುತ್ತವೆ.”

ಇನ್ನು ಬದಲಾವಣೆಗಳು. ಗಾಯವಾದ ಪಾತ್ರ ಮೂರು ಸರದಿ ಸುಮ್ಮನೆ ಮಲಗಿರಬೇಕಿತ್ತಲ್ಲ, ಈಗ ಒಂದೇ ಸರದಿ. ಐದೂ ಕವಡೆ ಮಗುಚಿ ಬಿದ್ದರೆ ಪಾತ್ರ ಸಾಯುವುದಿಲ್ಲ, ತನ್ನದೇನನ್ನಾದರೂ ಕಳೆದುಕೊಳ್ಳುತ್ತದೆ. ಮೂರನೆಯದು ದೊಡ್ಡದು: ಚೀಟಿ ರದ್ದು. ಪಾತ್ರದ ಮಾತನ್ನು ಚೀಟಿಯಲ್ಲಿ ಬರೆದು ಸೂತ್ರಧಾರರ ಕೈಗೆ ಕೊಡುವುದು ಇನ್ನು ಇಲ್ಲ. ಸರದಿ ಬಂದವರು ಒಂದು ನಿಮಿಷದ ಮರಳು ಗಡಿಯಾರ ಮುಗಿಯುವುದರೊಳಗೆ ಎಲ್ಲರಿಗೂ ಕೇಳುವಂತೆ ಬಾಯಲ್ಲೇ ಹೇಳಬೇಕು. ಆಟ ಎಷ್ಟು ಚುರುಕಾಗುತ್ತದೆ ಗೊತ್ತಾ.

ನಮ್ಮ ಕಟ್ಟಳೆ ನೆನಪಿದೆ ತಾನೇ? ವಾಟ್ಸಾಪಿನಲ್ಲಿ ಒಂದೇ ಸಂಜೆ ಒಂದೇ ನಿಯಮ ಐದು ಸಲ ಬದಲಾಗಿ, ಅಮರ್ ಮುನಿಸಿಕೊಂಡು ಗ್ರೂಪ್ ಬಿಟ್ಟು ಹೋದ ಮೇಲೆ ಮಾಡಿಕೊಂಡದ್ದು. ನಿಯಮ ಬದಲಿಸುವುದು ಕಾಗದದಲ್ಲಿ ಮಾತ್ರ, ನಾಲ್ವರೂ ಕಾಗದದಲ್ಲೇ ಒಪ್ಪಬೇಕು. ಅಂಚೆ ಡಬ್ಬದವರೆಗೆ ನಡೆಯುವಷ್ಟು ಹಟ ಇದ್ದವರಿಗೆ ಮಾತ್ರ ನಿಯಮ ಮುಟ್ಟುವ ಹಕ್ಕು. ಸಿಂಚನ, ಅಮರ್ ಒಪ್ಪಿ ಬರೆದಿದ್ದಾರೆ. ನಿನ್ನದೊಂದು ಬಾಕಿ. ಬಿಡುಗಡೆಯ ದಿನ ಎಲ್ಲರೆದುರು ಒಂದು ಆಟ ಆಡಿ ತೋರಿಸಬೇಕು. ನೀನು ನಿನ್ನ ಹಳೆಯ ಕಾವಲುಗಾರ ಪಾಪಯ್ಯನಾಗಿಯೇ ಬರಬೇಕು. ಬೇಗ ಬರಿ.

ಪ್ರಮೋದಾ


ನೆಲಮಂಗಲ
೧೯ ಜೂನ್ ೨೦೨೫

ಪ್ರಮೋದಾ,

ನಿನ್ನ ಕಾಗದ ಸೋಮವಾರ ಬಂತು. ಗೋಡೌನಿನ ವಿಳಾಸಕ್ಕೆ ಕಂಪನಿ ಪತ್ರ ಬಿಟ್ಟು ಬೇರೆ ಅಂಚೆ ಬರುವುದು ನನ್ನೊಬ್ಬನಿಗೇ. ಗೇಟಿನಲ್ಲಿ ಕೂರುವ ಆವಲಪ್ಪಣ್ಣ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿ, ಹೆಣ್ಣಿನ ಅಕ್ಷರ ಎಂದು ಖಚಿತ ಮಾಡಿಕೊಂಡೇ ಕೊಟ್ಟ. ಆಟದ ನಿಯಮ ಎಂದರೆ ಅವನು ನಂಬುವುದಿಲ್ಲ.

ಮುನ್ನುಡಿ ಚೆನ್ನಾಗಿದೆ. ಮೊದಲನೆಯ ಬದಲಾವಣೆ ಒಪ್ಪಿದೆ. ಎರಡನೆಯದೂ ಒಪ್ಪಿದೆ. ಕವಡೆ ಮಗುಚಿದ್ದಕ್ಕೆಲ್ಲ ಸಾಯುತ್ತಾ ಹೋದರೆ ಅಮರನ ಪಾತ್ರಗಳಿಗೇ ಬೇರೆ ಸ್ಮಶಾನ ಮಾಡಬೇಕಾಗುತ್ತದೆ.

ಮೂರನೆಯದರ ಬಗ್ಗೆ ಸ್ವಲ್ಪ ಯೋಚಿಸು. ಹೊಸದಾಗಿ ಆಡಲು ಬರುವವರಿಗೆ ನಾಚಿಕೆ ಇರುತ್ತದೆ, ಚೀಟಿ ಇದ್ದರೆ ಧೈರ್ಯ. ಗುಟ್ಟಾಗಿ ಏನಾದರೂ ಮಾಡಬೇಕೆನ್ನುವ ಪಾತ್ರಕ್ಕೆ ಚೀಟಿ ಬೇಕೇ ಬೇಕು. ಆಟ ಮುಗಿದ ಮೇಲೆ ಚೀಟಿಗಳನ್ನು ಜೋಡಿಸಿದರೆ ಕಥೆ ಬರಹದಲ್ಲಿ ಉಳಿಯುತ್ತದೆ. ಹಳೆಯ ಚೀಟಿಗಳೆಲ್ಲ ದೊಡ್ಡಬಳ್ಳಾಪುರದ ಪಕ್ಕದ ನಮ್ಮೂರು ಮಧುರೆಯ ಮನೆಯ ಟ್ರಂಕಿನಲ್ಲಿ ಇವತ್ತಿಗೂ ಇವೆ. ಅಲ್ಲದೆ ಮರಳು ಗಡಿಯಾರ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಇಷ್ಟು ಕಾರಣಗಳಿವೆ.

ಇಲ್ಲಿ ಎಲ್ಲ ಮಾಮೂಲು. ಬರುವ ಲಾರಿಗಳ ನಂಬರನ್ನು ಬೋರ್ಡಿನ ಮೇಲೆ ಬರೆಯುವುದು, ಲೋಡ್ ಸರಿಯಾಗಿ ಕೂತಿದೆಯಾ ನೋಡುವುದು. ನನ್ನನ್ನು ಶಿಫ್ಟ್ ಇನ್‌ಚಾರ್ಜ್ ಮಾಡುತ್ತೇವೆ ಎಂದರು. ಬೇಡ ಎಂದೆ. ಸುಮ್ಮನೆ ತಲೆನೋವು.

ಮೂರನೆಯದಕ್ಕೆ ಒಪ್ಪಿಗೆ ತಡೆಹಿಡಿದಿದ್ದೇನೆ.

ಬೈರೇಶ್


ಮಾನ್ವಿ
೬ ಜುಲೈ ೨೦೨೫

ಬೈರೇಶ,

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಸಿಟ್ಟೂ ಬಂತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನಾಲ್ಕು ಕಾರಣ ಕೊಟ್ಟಿದ್ದೀಯಲ್ಲ, ಒಂದಾದರೂ ಕಾಲೂರಿ ನಿಲ್ಲುತ್ತದಾ? ನಾವು ಚೀಟಿ ಇಟ್ಟುಕೊಂಡದ್ದು ಯಾಕೆ? ಸಿಂಚನಳ ಅಪ್ಪ ಗೋಪಾಲಪ್ಪನವರ ಮಗ್ಗಗಳ ಸದ್ದಿಗೆ. ಎಂಟು ಮಗ್ಗ ಒಟ್ಟಿಗೆ ಓಡುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುತ್ತಿರಲಿಲ್ಲ, ಅದಕ್ಕೇ ಬರೆದು ತೋರಿಸುತ್ತಿದ್ದೆವು. ನಮ್ಮ ಪುಸ್ತಕ ಕೊಳ್ಳುವವರೆಲ್ಲ ಮಗ್ಗದ ಶೆಡ್ಡಿನಲ್ಲಿ ಕೂತು ಆಡುತ್ತಾರಾ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿನ್ನದು ಬರೀ ಹಳೆಯದನ್ನು ಬಿಡಲಾರದ ಮೊಂಡು.

ನಿನಗೆ ಬರೆಯುವ ಮೊದಲೇ ನನ್ನ ಒಂಬತ್ತನೆಯ ತರಗತಿ ಮಕ್ಕಳ ಜೊತೆ ಚೀಟಿ ಇಲ್ಲದೆ ಆಡಿ ನೋಡಿದ್ದೆ. ಅರ್ಪಿತ ಎಂಬ ಹುಡುಗಿ ಇದ್ದಾಳೆ. ಪಾಠದ ಹೊತ್ತಿನಲ್ಲಿ ಎಬ್ಬಿಸಿ ನಿಲ್ಲಿಸಿದರೆ ನೆಲ ನೋಡುತ್ತಾಳೆ, ಒಂದು ಪದ ಹೊರಡಿಸಲು ಒದ್ದಾಡುತ್ತಾಳೆ. ಪಾಳೆಯಗಾರನ ಹೆಂಡತಿಯ ಪಾತ್ರ ಕೊಟ್ಟೆ ನೋಡು, “ಕೀಲಿಕೈ ಕೊಡಂಗಿಲ್ಲ” ಎಂದು ಗದರಿದಳು. ಒಂದು ತಡೆ ಇಲ್ಲ. ನನಗೆ ಕಣ್ಣು ತುಂಬಿ ಬಂತು. ಇದನ್ನು ಸುಮ್ಮನೆ ಬರೆದೆ, ವಿಶೇಷವೇನಿಲ್ಲ.

ಮೊದಲ ಪುಟಕ್ಕೆ “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆ ಹಾಕಿದ್ದೇನೆ. ಇಪ್ಪತ್ತನೆಯ ಪುಟದ ಉದಾಹರಣೆಯನ್ನು ನಿನಗಾಗಿ ನಕಲು ಮಾಡಿದ್ದೇನೆ, ಓದಿ ನಗು:

“ಮದುವೆ ದಿಬ್ಬಣವೊಂದು ಸಂಜೆ ಕೋಟೆಯ ಬಾಗಿಲಿಗೆ ಬರುತ್ತದೆ. ಹಿಂದೆ ಎರಡು ಗಾಡಿ ತುಂಬ ಸೀರೆ, ಹೂವು. ಗಾಡಿಯ ಚಕ್ರಗಳು ಗೇಣಾಳ ಹೂತಿವೆ ಎಂದು ಸೂತ್ರಧಾರರು ಸುಳಿವು ಕೊಡುತ್ತಾರೆ. ಕಾವಲುಗಾರ ಪಾಪಯ್ಯ ಅದನ್ನು ಗಮನಿಸದೆ ಬಾಗಿಲು ತೆಗೆಯುತ್ತಾನೆ. ಸೀರೆಗಳ ಅಡಿಯಿಂದ ಸೈನಿಕರು ಹೊರಗೆ ಬರುತ್ತಾರೆ. ಕೋಟೆ ಬೀಳುತ್ತದೆ. ಪಾಠ: ಸುಳಿವನ್ನು ಕಿವಿಗೊಟ್ಟು ಕೇಳಿ.”

ಎಂಟು ವರ್ಷವಾದರೂ ಆ ಕೋಟೆಗಾಗಿ ಅಮರ್ ನಿನ್ನನ್ನು ಬೈಯುವುದು ಬಿಟ್ಟಿಲ್ಲ. ಪ್ರೆಸ್ಸಿನವರು ಸೆಪ್ಟೆಂಬರ್ ಹದಿನೈದರೊಳಗೆ ಎಲ್ಲ ಕೊಡಿ ಎಂದಿದ್ದಾರೆ. ಮೊಂಡು ಬಿಟ್ಟು ‘ಒಪ್ಪಿದೆ’ ಎಂದು ಬರೆದು ಕಳಿಸು.

ಪ್ರಮೋದಾ


ನೆಲಮಂಗಲ
೩ ಆಗಸ್ಟ್ ೨೦೨೫

ಪ್ರಮೋದಾ ಅವರಿಗೆ,

ಮೂರನೆಯ ಬದಲಾವಣೆ ಒಪ್ಪಿದೆ. ಇಪ್ಪತ್ತನೆಯ ಪುಟವೂ ಹಾಗೇ ಇರಲಿ. ದಸರಾದಲ್ಲಿ ಲೋಡ್ ಜಾಸ್ತಿ ಇರುವುದರಿಂದ ಬಿಡುಗಡೆಗೆ ಬರಲು ಆಗುವುದಿಲ್ಲ. ಪಾಪಯ್ಯನ ಪಾತ್ರವನ್ನು ಬೇರೆ ಯಾರಿಗಾದರೂ ಕೊಡಿ. ಪುಸ್ತಕಕ್ಕೆ ಒಳ್ಳೆಯದಾಗಲಿ.

ಬೈರೇಶ್


ಮಾನ್ವಿ
೧೭ ಆಗಸ್ಟ್ ೨೦೨೫

ಬೈರೇಶ,

ಇದೇನು ‘ಅವರಿಗೆ’? ‘ಕೊಡಿ’? ಹತ್ತು ವರ್ಷದ ಸ್ನೇಹಕ್ಕೆ ಒಂದೇ ಕಾಗದದಲ್ಲಿ ಬಹುವಚನ ಹಚ್ಚಿಬಿಟ್ಟೆಯಲ್ಲ. ನನಗೆ ಬೇಕಾಗಿದ್ದ ಒಪ್ಪಿಗೆ ಸಿಕ್ಕಿತು, ಆದರೆ ಕಾಗದ ಹಿಡಿದುಕೊಂಡು ಸ್ಟಾಫ್ ರೂಮಿನಲ್ಲಿ ಅತ್ತೆ. ಪಕ್ಕದ ಜ್ಯೋತಿಲಕ್ಷ್ಮಿ ಮೇಡಂ ಯಾರಿಗೆ ಏನಾಯಿತು ಎಂದು ಗಾಬರಿಯಾದರು.

ಅವತ್ತೇ ನಿನಗೆ ಫೋನ್ ಮಾಡಿದೆ. ಏನಾಯ್ತೋ ಎಂದು ಕೇಳಿದರೆ ನೀನು “ನಂಗೆ” ಎಂದು ನಿಲ್ಲಿಸಿದೆ. ರಜಾ ಸಿಗಲ್ಲ ತಾನೇ ಎಂದು ನಾನು ಕೇಳಿದೆ. ನೀನು “ಹ್ಞೂಂ” ಎಂದೆ. ಆಮೇಲೆ ನೀನು ಮತ್ತೆ ಏನೋ ಶುರು ಮಾಡಿದೆ, ಮೈ ಹುಷಾರಿಲ್ವಾ ಎಂದು ನಾನು ಕೇಳಿದೆ. ಅದಕ್ಕೂ “ಹ್ಞೂಂ”. ಆಮೇಲೆ ನೀನು ಫೋನ್ ಇಟ್ಟುಬಿಟ್ಟೆ. ನಾನು ಇಷ್ಟು ಕಾಳಜಿಯಿಂದ ಕೇಳಿದರೂ ನಿನಗೆ ಎರಡು ಮಾತಾಡುವ ಮನಸ್ಸಿಲ್ಲ.

ಹಾಗಾದರೆ ನಾನೂ ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಆಟ ಚುರುಕಾಗಲಿ ಎಂದು ಚೀಟಿ ತೆಗೆದದ್ದಲ್ಲ. ನಿನಗೋಸ್ಕರ ತೆಗೆದೆ. ಅರ್ಪಿತ ಪಾತ್ರದೊಳಗೆ ಹೋದ ಕೂಡಲೇ ತೊದಲದೆ ಮಾತಾಡಿದ್ದನ್ನು ಕಂಡ ದಿನ ನನ್ನ ಕಣ್ಣೆದುರು ಬಂದವನು ನೀನು. ಚೀಟಿ ಇರುವವರೆಗೂ ನೀನು ಅದರ ಹಿಂದೆಯೇ ಕೂತಿರುತ್ತೀಯ, ಒಂದು ಸಲ ತೆಗೆದುಬಿಟ್ಟರೆ ನಿನ್ನ ಮಾತೂ ಹರಿಯುತ್ತದೆ ಎಂದುಕೊಂಡೆ. ನಿನಗೆ ಹೇಳಿದರೆ ನೊಂದುಕೊಳ್ಳುತ್ತೀಯ ಎಂದು ಸುಮ್ಮನಿದ್ದೆ. ಒಳ್ಳೆಯದು ಮಾಡಲು ಹೋಗಿ ಸ್ನೇಹಿತನನ್ನೇ ಕಳೆದುಕೊಳ್ಳುವ ಹಾಗಾಯಿತಲ್ಲ. ನಾನು ಏನು ತಪ್ಪು ಮಾಡಿದೆ ಎಂದಾದರೂ ಬರಿ.

ಪ್ರಮೋದಾ


ನೆಲಮಂಗಲ
೩೧ ಆಗಸ್ಟ್ ೨೦೨೫

ಪ್ರಮೋದಾ,

ಬಹುವಚನ ವಾಪಸ್ ತೆಗೆದುಕೊಂಡಿದ್ದೇನೆ. ಇದು ನಾಲ್ಕನೆಯ ಸಲ ಬರೆಯುತ್ತಿರುವುದು. ಮೊದಲ ಮೂರರಲ್ಲಿ ಸಿಟ್ಟು ಜಾಸ್ತಿ ಇತ್ತು, ಹರಿದು ಹಾಕಿದೆ.

ಕರೆಂಟ್ ಹೋದ ಆ ಭಾನುವಾರವನ್ನು ನೆನಪಿಸಿಕೊ. ನೀನು ಸೂತ್ರಧಾರಿಣಿ. ದಿಬ್ಬಣ ಕೋಟೆಯ ಬಾಗಿಲಿಗೆ ಬಂದಿತ್ತು. ಇದ್ದಕ್ಕಿದ್ದ ಹಾಗೆ ಮಗ್ಗಗಳೆಲ್ಲ ನಿಂತವು. ಸದ್ದಿಲ್ಲದ ಆ ಶೆಡ್ಡಿನಲ್ಲಿ ನಮ್ಮ ಉಸಿರೂ ಕೇಳುತ್ತಿತ್ತು. “ಇನ್ಯಾಕ್ಲಾ ಚೀಟಿ, ಬಾಯಲ್ಲೇ ಹೇಳ್ರೋ” ಎಂದ ಅಮರ್. ಸರದಿ ನನ್ನದು.

ನಾನು “ಬಾಗಿಲು” ಎಂದೆ. ಮುಂದಿನ ಪದ ಗಂಟಲಲ್ಲಿ ಸಿಕ್ಕಿಕೊಂಡಿತು. ನೀನು ನನ್ನ ಮುಖ ನೋಡಿದೆ. ನಾನು ಕಷ್ಟಪಡುವುದನ್ನು ನೋಡಲು ನಿನಗೆ ಆಗಲಿಲ್ಲ. “ತೆಗಿತೀನಿ ಅಂತ ತಾನೇ?” ಎಂದು ನೀನೇ ಕೇಳಿದೆ. ನಾನು ತಲೆ ಆಡಿಸಿಬಿಟ್ಟೆ.

ನಾನು ಹೇಳಬೇಕೆಂದಿದ್ದು ಬೇರೆ. ‘ಬಾಗಿಲು ತೆಗೆಯಲ್ಲ. ಸೀರೆ, ಹೂವು ತುಂಬಿದ ಗಾಡಿಯ ಚಕ್ರ ಗೇಣಾಳ ಯಾಕೆ ಹೂತುಕೊಳ್ಳುತ್ತೆ? ಅಡಿಯಲ್ಲಿ ಜನ ಇದ್ದಾರೆ.’ ಮಧುರೆಯಲ್ಲಿ ಗಾಡಿ ಹೊಡೆದುಕೊಂಡು ಬೆಳೆದವನು ನಾನು. ರಾಗಿ ಮೂಟೆಗೆ ಚಕ್ರ ಎಷ್ಟು ಇಳಿಯುತ್ತದೆ, ಹುಲ್ಲಿನ ಹೊರೆಗೆ ಎಷ್ಟು ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಇವತ್ತು ನನ್ನ ಅನ್ನವೂ ಅದರಿಂದಲೇ. ನಿನ್ನ ಸುಳಿವನ್ನು ನೀನು ಕೊಟ್ಟ ತಕ್ಷಣ ಹಿಡಿದಿದ್ದೆ.

ಕೋಟೆ ಬಿತ್ತು. ಎಲ್ಲರೂ ಪಾಪಯ್ಯನನ್ನು ದಡ್ಡ ಎಂದಿರಿ. ನಾನೂ ನಕ್ಕೆ. ತಲೆ ಆಡಿಸಿದವನು ನಾನೇ ತಾನೇ, ಯಾರನ್ನು ಬೈಯಲಿ? ಆದರೆ ಈಗ ಅದನ್ನು ಮುನ್ನೂರು ಪ್ರತಿಯಲ್ಲಿ ಅಚ್ಚು ಹಾಕಿ, ಕೆಳಗೆ ‘ಕಿವಿಗೊಟ್ಟು ಕೇಳಿ’ ಎಂದು ಪಾಠ ಬರೆದದ್ದು ಓದಿದಾಗ ತಡೆದುಕೊಳ್ಳಲು ಆಗಲಿಲ್ಲ.

ಫೋನಿನಲ್ಲಿ ನಾನು ಹೇಳಲು ಹೊರಟದ್ದು ರಜೆಯ ಮಾತಲ್ಲ. ನಂಗೆ ಬೇಜಾರಾಗಿದೆ ಎನ್ನಬೇಕೆಂದಿದ್ದೆ. ನೀನು ರಜೆ ಎಂದೆ, ನಾನು ಹ್ಞೂಂ ಎಂದೆ. ನನ್ನ ಬದುಕಿನಲ್ಲಿ ಅರ್ಧ ಹೀಗೇ ಆಗಿದೆ ಪ್ರಮೋದಾ. ಹೋಟೆಲಿನಲ್ಲಿ ನನಗೆ ಬೇಡದ ತಿಂಡಿ ತಿಂದಿದ್ದೇನೆ. ಇನ್‌ಚಾರ್ಜ್ ಆದರೆ ದಿನಾ ಬೆಳಿಗ್ಗೆ ನಲವತ್ತು ಜನರೆದುರು ಕೆಲಸ ಹಂಚಿ ಹೇಳಬೇಕು. ಮೊದಲ ಪದಕ್ಕೇ ಹತ್ತು ಜನ ಉಳಿದದ್ದನ್ನು ಮುಗಿಸುತ್ತಾರೆ ಎಂದು ಗೊತ್ತು. ಅದಕ್ಕೇ ಬೇಡ ಎಂದೆ, ತಲೆನೋವಿಗಲ್ಲ.

ಎಲ್ಲರೂ ಪ್ರೀತಿಯಿಂದಲೇ ಮುಗಿಸುತ್ತಾರೆ. ಎಲ್ಲರಿಗಿಂತ ಹೆಚ್ಚು ಮುಗಿಸಿದವಳು ನೀನು. ಅರ್ಪಿತಳಿಗೆ ಆ ದಿನ ಮಾತು ಹರಿದಿರಬಹುದು. ಇನ್ನೊಂದು ದಿನ ಹರಿಯದೆ ಇರಬಹುದು. ಆ ದಿನ ನಿನ್ನ ಮರಳು ಗಡಿಯಾರ ಅವಳೆದುರು ಸುರಿಯುತ್ತಾ ಇದ್ದರೆ ಹೇಗಿರುತ್ತದೆ, ಯೋಚಿಸು. ನನ್ನನ್ನು ಯಾರೂ ಸರಿಮಾಡಬೇಕಾಗಿಲ್ಲ. ಚೀಟಿಯ ಹಿಂದೆ ನಾನು ಅಡಗಿರಲಿಲ್ಲ. ನನ್ನ ವಾಕ್ಯ ನನ್ನದಾಗಿಯೇ ಮೇಜಿನ ಮೇಲೆ ಬೀಳುತ್ತಿದ್ದ ದಾರಿ ಅದೊಂದೇ ಆಗಿತ್ತು.

ಬೈರೇಶ್


ಮಾನ್ವಿ
೮ ಸೆಪ್ಟೆಂಬರ್ ೨೦೨೫

ಬೈರೇಶ,

ನಿನ್ನ ಕಾಗದ ಶುಕ್ರವಾರ ಬಂತು. ಫೋನ್ ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟೆ.

ತಪ್ಪಾಯಿತು. ಇದಕ್ಕಿಂತ ಉದ್ದವಾಗಿ ಬರೆದರೆ ನನ್ನನ್ನು ನಾನೇ ಸಮರ್ಥಿಸಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಆ ಚಕ್ರದ ಸುಳಿವನ್ನು ವಾರವೆಲ್ಲ ಯೋಚಿಸಿ ಕಟ್ಟಿದ್ದೆ. ಯಾರೂ ಹಿಡಿಯಲಿಲ್ಲವಲ್ಲ ಎಂದು ಎಂಟು ವರ್ಷ ಕೊರಗಿದ್ದೇನೆ. ಹಿಡಿದವನು ಎದುರಿಗೇ ಕೂತಿದ್ದ. ಅವನ ಬಾಯಿಗೆ ನನ್ನ ಮಾತು ತುರುಕಿ ಕೋಟೆ ಬೀಳಿಸಿದವಳು ನಾನು.

ಶನಿವಾರ ಮಕ್ಕಳ ಜೊತೆ ಮತ್ತೆ ಆಡಿದೆ, ಗಡಿಯಾರ ಇಲ್ಲದೆ. ಅರ್ಪಿತಳಿಗೆ ಆ ದಿನ ಮಾತು ಹರಿಯಲಿಲ್ಲ. ನೀನು ಹೇಳಿದ ಹಾಗೆಯೇ ಆಯಿತು. ನಾನು ಬೆರಳುಗಳನ್ನು ಮಡಿಲಲ್ಲಿ ಹೆಣೆದುಕೊಂಡು ಕೂತೆ. ಎಷ್ಟು ಕಷ್ಟ ಗೊತ್ತಾ ಸುಮ್ಮನಿರುವುದು? ಅವಳು ಏನು ಹೇಳುತ್ತಾಳೆ ಎಂದು ನನಗೆ ಗೊತ್ತೇ ಇದೆ ಎಂದುಕೊಂಡಿದ್ದೆ. ಹೆದರಿ ಓಡಿಹೋಗುತ್ತಾಳೆ ಎಂದು. ಬಹಳ ಹೊತ್ತಿನ ಮೇಲೆ ಅವಳು ಹೇಳಿದ್ದು, “ನಾನೇ ಮುಂದ ಹೋಗ್ತೀನ್ರಿ” ಎಂದು. ಇನ್ನು ಯಾರ ಮನಸ್ಸೂ ನನಗೆ ಗೊತ್ತು ಎಂದು ಹೇಳುವ ಧೈರ್ಯ ನನಗಿಲ್ಲ.

ಇಪ್ಪತ್ತನೆಯ ಪುಟ ತೆಗೆದುಹಾಕಿದ್ದೇನೆ. ಗಾದೆಯನ್ನೂ ತೆಗೆದೆ. ನಿಯಮ ಹದಿನಾಲ್ಕನ್ನು ಹೊಸದಾಗಿ ಬರೆದಿದ್ದೇನೆ:

“ಸರದಿ ಬಂದವರು ಬಾಯಲ್ಲಿ ಹೇಳಬಹುದು, ಚೀಟಿಯಲ್ಲಿ ಬರೆಯಬಹುದು. ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಬಹುದು. ಅವರ ವಾಕ್ಯವನ್ನು ಬೇರೆ ಯಾರೂ, ಸೂತ್ರಧಾರರು ಸಹ, ಮುಗಿಸುವಂತಿಲ್ಲ.”

ಕಟ್ಟಳೆಯ ಪ್ರಕಾರ, ಕಾರಣವನ್ನೂ ಸೇರಿಸಿ ಮೂವರಿಗೂ ಬರೆದಿದ್ದೇನೆ. ಪ್ರೆಸ್ಸಿನವರ ಕೈಕಾಲು ಹಿಡಿದು ಇನ್ನೊಂದು ವಾರ ಕೇಳಿದ್ದೇನೆ. ಅಕ್ಟೋಬರ್ ಐದು, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಸಿಂಚನಳ ಮನೆಯಲ್ಲೇ. ಅವತ್ತು ಮಗ್ಗ ನಿಲ್ಲಿಸುತ್ತೇನೆ ಎಂದು ಗೋಪಾಲಪ್ಪನವರು ಹೇಳಿದರಂತೆ. ನಿಲ್ಲಿಸಬೇಕೋ ಓಡಿಸಬೇಕೋ ನೀನು ಹೇಳು. ಬರುತ್ತೀಯೋ ಇಲ್ಲವೋ ಎಂದೂ ನೀನೇ ಹೇಳು. ನಾನು ಊಹಿಸುವುದಿಲ್ಲ.

ಪ್ರಮೋದಾ


ನೆಲಮಂಗಲ
೧೬ ಸೆಪ್ಟೆಂಬರ್ ೨೦೨೫

ಪ್ರಮೋದಾ,

ನಿಯಮ ಹದಿನಾಲ್ಕು ಒಪ್ಪಿದೆ. ಅಮರ್ ನನಗೂ ಒಂದು ಕಾರ್ಡು ಹಾಕಿದ್ದಾನೆ: “ಅವತ್ತು ಚೀಟಿ ಬೇಡ ಅಂದೋನು ನಾನು. ಬೈಯೋದಿದ್ರೆ ನನ್ನೂ ಬೈಯಿ.” ಬೈದು ಬರೆದಿದ್ದೇನೆ.

ಮಗ್ಗ ನಿಲ್ಲಿಸಲಿ. ಬರುತ್ತೇನೆ.

ಬೈರೇಶ್


ನೆಲಮಂಗಲ
೯ ಅಕ್ಟೋಬರ್ ೨೦೨೫

ಪ್ರಮೋದಾ,

ಭಾನುವಾರ ನೀನೂ ಅಲ್ಲೇ ಇದ್ದೆ. ಆದರೂ ನನ್ನ ಕಡೆಯಿಂದ ಹೇಗಿತ್ತು ಎಂದು ಬರೆಯಬೇಕು ಅನ್ನಿಸಿತು.

ದಾರಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಒಳ್ಳೆಯದೇ ಆಯಿತು, ವಾಪಸ್ ಹೋಗಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಬಸ್ಸು ಬಂದುಬಿಟ್ಟಿತು. ಶೆಡ್ಡಿನಲ್ಲಿ ಇಪ್ಪತ್ತು ಜನ ಹೊಸಬರನ್ನು ಕಂಡು ಜೇಬು ಮುಟ್ಟಿ ನೋಡಿಕೊಂಡೆ. ಜೇಬಿನಲ್ಲಿ ಚೀಟಿ, ಪೆನ್ನು ಎರಡೂ ಇದ್ದವು. ಅವು ಇವೆ ಎಂಬ ಧೈರ್ಯದ ಮೇಲೇ ಕೂತೆ.

ಈ ಸಲ ನೀನು ದಿಬ್ಬಣದ ಬದಲು ಉಪ್ಪಿನ ವರ್ತಕರನ್ನು ತಂದೆ. ಮೂರು ಗಾಡಿ ಉಪ್ಪಿನ ಮೂಟೆ, ಆಕಾಶದಿಂದ ಸಣ್ಣಗೆ ಜಿನುಗು. ಅಷ್ಟನ್ನು ಹೇಳಿ ನನ್ನ ಕಡೆ ತಿರುಗಿ ಸುಮ್ಮನಾದೆ. ನಾನು “ಬಾಗಿಲು” ಎಂದೆ. ಅದೇ ಜಾಗದಲ್ಲಿ, ಅದೇ ಪದ ಮತ್ತೆ ಸಿಕ್ಕಿಕೊಂಡಿತು. ಪಕ್ಕದಲ್ಲಿದ್ದ ಕಾಲೇಜಿನ ಮೇಷ್ಟ್ರು ವಸಂತ್ ಸಹಾಯ ಮಾಡಲು ಬಾಯಿ ತೆರೆದರು. ಸಿಂಚನ ಪುಸ್ತಕ ಬಿಡಿಸಿ ನಿಯಮ ಹದಿನಾಲ್ಕರ ಮೇಲೆ ಬೆರಳಿಟ್ಟು ಅವರ ಮುಂದೆ ಸರಿಸಿದಳು. ಅಮರ್ ಸೂರು ನೋಡುತ್ತಿದ್ದ. ನೀನು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದೆ. ಅದನ್ನು ನೋಡಿ ನನಗೆ ನಗು ಬಂತು, ನಗುವಿನ ಜೊತೆ ಪದವೂ ಬಂತು.

“ಬಾಗಿಲು ತೆಗೆಯಲ್ಲ. ಮಳೇಲಿ ಉಪ್ಪಿನ ಮೂಟೆಗೆ ಹೊದಿಕೆ ಹಾಕ್ದೇ ಇರೋ ವರ್ತಕ ಯಾವನು?”

ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಚಹಾ ಆರಿ ಹೋಗಿತ್ತು. ಆದರೆ ಅಷ್ಟೂ ಪದ ನನ್ನವು. ಚೀಟಿ ಜೇಬಿನಲ್ಲೇ ಉಳಿಯಿತು.

ಆಮೇಲೆ ಅಮರನ ಕವಡೆ ಐದೂ ಮಗುಚಿ, ಹಿಂದಿನ ಗೋಡೆ ಹತ್ತಿ ಬಂದವರಿಂದ ಕೋಟೆ ಈ ಸಲವೂ ಬಿತ್ತು. ಬೀಳಲಿ. ಪಾಪಯ್ಯನ ಬಾಗಿಲು ಮುಚ್ಚಿಯೇ ಇತ್ತು.

ಇನ್‌ಚಾರ್ಜ್ ಕೆಲಸ ಇನ್ನೂ ಖಾಲಿ ಇದೆಯಂತೆ. ಆವಲಪ್ಪಣ್ಣನಿಂದ ಕೇಳಿಸಿದ್ದೇನೆ. ಆಗುತ್ತದಾ ನೋಡೋಣ.

ನಿನಗೆ ಹೇಳಬೇಕಾದದ್ದು ಇನ್ನೊಂದಿದೆ. ಅದನ್ನು ಕಾಗದದಲ್ಲಿ ಬರೆಯುವುದಿಲ್ಲ, ಬಾಯಲ್ಲೇ ಹೇಳುತ್ತೇನೆ. ಹತ್ತೊಂಬತ್ತನೆಯ ತಾರೀಕು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆ. ಬೇರೆ ಕೆಲಸ ಇಟ್ಟುಕೊಳ್ಳಬೇಡ, ಹೊತ್ತು ಹಿಡಿಯಬಹುದು. ನಿಯಮ ಹದಿನಾಲ್ಕು ಫೋನಿಗೂ ಅನ್ವಯಿಸುತ್ತದೆ. ಸೆರಗು ಹತ್ತಿರವೇ ಇರಲಿ.

ಬೈರೇಶ್